ಕಪ್ಪೆಯ ಮೈಯಲ್ಲಿ ಮೂವತ್ತು ನ್ಯಾನೊಗ್ರಾಂ

ಕ್ಯಾಲಿಫೋರ್ನಿಯಾದ ನಡುವೆ ಉದ್ದಕ್ಕೆ ಚಾಚಿಕೊಂಡ ಸೆಂಟ್ರಲ್ ವ್ಯಾಲಿ ಎಂಬ ಬಯಲಿದೆ. ಬಾದಾಮಿ, ದ್ರಾಕ್ಷಿ, ಟೊಮೆಟೊ, ಹತ್ತಿ ಎಲ್ಲವನ್ನೂ ಬೆಳೆಯುವ, ಅಮೆರಿಕದಲ್ಲೇ ಅತ್ಯಂತ ಬಿರುಸಿನ ಬೇಸಾಯ ನಡೆಯುವ ನೆಲಗಳಲ್ಲಿ ಅದೂ ಒಂದು. ಅದರ ಪೂರ್ವದ ಅಂಚಿಗೆ ಸಿಯೆರಾ ನೆವಾಡ ಪರ್ವತಸಾಲು. ಬೇಸಿಗೆಯ ಮಧ್ಯಾಹ್ನ ಬಯಲಿನ ಗಾಳಿ ಕಾದು ಇಳಿಜಾರು ಹತ್ತುತ್ತದೆ. ಹೊಲಕ್ಕೆ ಸಿಂಪಡಿಸಿದ ಔಷಧಿಯಲ್ಲಿ ಒಂದು ಪಾಲೂ ಅದರ ಜತೆ ಮೇಲಕ್ಕೆ ಹೋಗಿ, ಮಳೆಯಲ್ಲೋ ಹಿಮದಲ್ಲೋ ಒಣ ಧೂಳಿನಲ್ಲೋ ಬೆಟ್ಟದ ಕೆರೆಗಳಿಗೆ ಇಳಿಯುತ್ತದೆ. ಆ ಕೆರೆಗಳ ಸುತ್ತ ರೈತರಿಲ್ಲ, ರಾಷ್ಟ್ರೀಯ ಉದ್ಯಾನಗಳಿವೆ.

ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಕೆಲ್ಲಿ ಸ್ಮಾಲಿಂಗ್ ಮತ್ತು ಸಂಗಡಿಗರು 2009 ಮತ್ತು 2010ರಲ್ಲಿ ಇಂಥ ಏಳು ಎತ್ತರದ ತಾಣಗಳಿಂದ ನೀರು, ಕೆಸರು ಮತ್ತು ಪೆಸಿಫಿಕ್ ಕೋರಸ್ ಕಪ್ಪೆಗಳನ್ನು ತಂದರು. ಐದು ಸೆಂಟಿಮೀಟರ್ ಮೀರದ, ಕೆಲವೇ ಗ್ರಾಂ ತೂಗುವ ಕಪ್ಪೆ ಇದು. (ಕಥೆ ಎಲ್ಲೇ ನಡೆಯಲಿ, ಹಾಲಿವುಡ್ ಸಿನಿಮಾಗಳ ರಾತ್ರಿ ದೃಶ್ಯದಲ್ಲಿ ಕೂಗುವುದು ಬಹುತೇಕ ಇದೇ ಕಪ್ಪೆ, ಧ್ವನಿಮುದ್ರಣ ಮಾಡುವವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ಅದು.) 90ಕ್ಕೂ ಹೆಚ್ಚು ಕೃಷಿ ರಾಸಾಯನಿಕಗಳು ಮತ್ತು ಅವುಗಳ ಒಡಕಲು ತುಣುಕುಗಳಿಗಾಗಿ ಹುಡುಕಾಟ ನಡೆಯಿತು. ಕಪ್ಪೆಗಳ ಮೈಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಪೈರಾಕ್ಲೋಸ್ಟ್ರೋಬಿನ್ ಮತ್ತು ಟೆಬುಕೊನಜೋಲ್ ಎಂಬ ಎರಡು ಶಿಲೀಂಧ್ರನಾಶಕಗಳು, ಸಿಮಜಿನ್ ಎಂಬ ಒಂದು ಕಳೆನಾಶಕ. ಅಮೆರಿಕ 1972ರಲ್ಲೇ ನಿಷೇಧಿಸಿದ ಡಿಡಿಟಿಯ ಮರಿ ರೂಪವಾದ ಡಿಡಿಇ ಕೂಡ ಮತ್ತೆ ಮತ್ತೆ ಕಾಣಿಸಿತು. ಮಧ್ಯಕ ಪ್ರಮಾಣಗಳು ಒಂದು ಕಿಲೋ ಹಸಿ ತೂಕಕ್ಕೆ 13ರಿಂದ 235 ಮೈಕ್ರೊಗ್ರಾಂ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ಸುದ್ದಿ ಇಷ್ಟು. ‘ಕಿಲೋಗೆ 13 ಮೈಕ್ರೊಗ್ರಾಂ’ ಎಂಬ ಮಾತನ್ನು ಹೇಳುವ ಧೈರ್ಯ ಒಬ್ಬ ರಸಾಯನಶಾಸ್ತ್ರಜ್ಞರಿಗೆ ಎಲ್ಲಿಂದ ಬರುತ್ತದೆ ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಕುತೂಹಲ ಇರುವುದು ಅಲ್ಲೇ.

ಒಂದು ಲೆಕ್ಕ ಹಾಕೋಣ. ಮೂರು ಗ್ರಾಂ ತೂಗುವ ಕಪ್ಪೆ. ಅದರ ಮೈಯಲ್ಲಿ ಒಂದು ಕೀಟನಾಶಕ ಕಿಲೋಗೆ 10 ಮೈಕ್ರೊಗ್ರಾಂ ಇದೆ ಅಂದುಕೊಳ್ಳಿ. ಅಂದರೆ ನೂರು ಕೋಟಿಯಲ್ಲಿ ಹತ್ತು ಪಾಲು, ಪ್ರಯೋಗಾಲಯದವರ ಬಾಯಲ್ಲಿ ‘ಹತ್ತು ಪಿಪಿಬಿ’. ಇಡೀ ಕಪ್ಪೆಯಲ್ಲಿ ಇರುವುದು 30 ನ್ಯಾನೊಗ್ರಾಂ. ಸಕ್ಕರೆಯ ಒಂದು ಹರಳು ಸುಮಾರು 0.6 ಮಿಲಿಗ್ರಾಂ ತೂಗುತ್ತದೆ. ಅಷ್ಟು ತೂಕದ ವಿಷ ಒಟ್ಟಾಗಬೇಕಾದರೆ ಇಂಥ 20,000 ಕಪ್ಪೆಗಳು ಬೇಕು. ಈ ಮೂವತ್ತು ನ್ಯಾನೊಗ್ರಾಂ ಒಂದೇ ಕಡೆ ಕುಳಿತಿಲ್ಲ. ಕೊಬ್ಬು, ಪ್ರೋಟೀನು, ಚರ್ಮದ ಬಣ್ಣ, ಪಿತ್ತ, ಹೊಟ್ಟೆಯೊಳಗಿನ ಅರೆಜೀರ್ಣ ಹುಳು ಎಲ್ಲದರ ನಡುವೆ ಚದುರಿಹೋಗಿದೆ. ಕಪ್ಪೆಯಿಂದ ವಿಷ ಹೊರತೆಗೆಯುವುದು ಕಷ್ಟದ ಕೆಲಸ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ವಿಷ ದ್ರಾವಕಕ್ಕೆ ಬಂದೇ ಬರುತ್ತದೆ, ತೊಂದರೆಯೆಂದರೆ ಅದರ ಹಿಂದೆ ಕಪ್ಪೆಯೂ ಬರುತ್ತದೆ. ಈ ವಿದ್ಯೆಯ ಮುಕ್ಕಾಲು ಪಾಲು ಶ್ರಮ ಕಪ್ಪೆಯನ್ನು ದಾರಿಯಿಂದ ಸರಿಸುವುದಕ್ಕೇ ಹೋಗುತ್ತದೆ.

ಕೆಲಸ ಕೆರೆಯ ದಂಡೆಯಲ್ಲೇ ಶುರುವಾಗುತ್ತದೆ. ಸೊಳ್ಳೆ ಮುತ್ತುವ ಜೌಗು ನೆಲದಲ್ಲಿ ನಿಂತರೂ ಕೈಗೆ ಸೊಳ್ಳೆ ಮುಲಾಮು ಹಚ್ಚುವಂತಿಲ್ಲ, ಬಿಸಿಲಿನ ಕ್ರೀಮೂ ಕೂಡದು. ಅವೆರಡರಲ್ಲಿ ಇರುವುದನ್ನೇ ಯಂತ್ರ ಮುಂದೆ ಕಪ್ಪೆಯಲ್ಲಿ ‘ಕಂಡುಹಿಡಿ’ದೀತು. ಪುಡಿ ಇಲ್ಲದ ಕೈಗವಸು, ದ್ರಾವಕದಲ್ಲಿ ತೊಳೆದ ಅಲ್ಯೂಮಿನಿಯಂ ಹಾಳೆ, ಸುಟ್ಟು ಶುದ್ಧಗೊಳಿಸಿದ ಗಾಜಿನ ಸೀಸೆ ಬೇಕು. ಪ್ಲಾಸ್ಟಿಕ್ ತನ್ನೊಳಗಿನ ಥ್ಯಾಲೇಟುಗಳನ್ನು ಬಿಟ್ಟುಕೊಡುತ್ತದೆ, ಕೆಲವು ವಿಷಗಳನ್ನು ತಾನೇ ಹೀರಿಕೊಂಡೂ ಬಿಡುತ್ತದೆ. ಹುಡುಕುತ್ತಿರುವುದು ಪಿಎಫ್ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳನ್ನಾದರೆ ಟೆಫ್ಲಾನ್ ಮುಚ್ಚಳ ಕೂಡ ದೂರ ಇರಬೇಕು. ಹಿಡಿದ ಕಪ್ಪೆಯನ್ನು ಎಂಎಸ್-222 ಎಂಬ ಅರಿವಳಿಕೆಯ ದ್ರಾವಣದಲ್ಲಿ ನೋವಿಲ್ಲದಂತೆ ಕೊನೆಗಾಣಿಸಿ, ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಒಯ್ಯುತ್ತಾರೆ. ಸತ್ತ ಮೇಲೂ ಯಕೃತ್ತಿನ ಕಿಣ್ವಗಳು ಸ್ವಲ್ಪ ಹೊತ್ತು ದುಡಿಯುತ್ತವೆ, ವಿಷವನ್ನು ಒಡೆಯುತ್ತವೆ. ಅವನ್ನು ತಡೆಯುವುದು ಚಳಿ ಮಾತ್ರ.

ಗೊದಮೊಟ್ಟೆಯಾದರೆ ಇನ್ನೊಂದು ತಾಪತ್ರಯ. ಅದರ ಕರುಳು ಸುರುಳಿ ಸುತ್ತಿದ ಉದ್ದನೆಯ ಕೊಳವೆ, ಅದರ ತುಂಬ ಕೆರೆಯ ಕೆಸರು. ಹಾಗೇ ಅರೆದರೆ ಅಳೆದದ್ದು ಗೊದಮೊಟ್ಟೆಯನ್ನೋ ಕೆಸರನ್ನೋ ಗೊತ್ತಾಗದು. ಹಾಗಾಗಿ ಒಂದೆರಡು ದಿನ ಶುದ್ಧ ನೀರಿನಲ್ಲಿಟ್ಟು ಹೊಟ್ಟೆ ಖಾಲಿಯಾಗಲು ಬಿಡುವುದುಂಟು. ಆ ಹೊತ್ತಿನಲ್ಲಿ ಬೇಗ ಕರಗಿ ಹೋಗುವ ವಿಷಗಳು ಮೈಯಿಂದಲೂ ಹೊರಟುಹೋಗುತ್ತವೆ! ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬ ತೀರ್ಮಾನ ಇಲ್ಲಿಂದಲೇ ಆರಂಭ.

ಕಪ್ಪೆಯನ್ನೇ ಯಾಕೆ ಆರಿಸಿಕೊಳ್ಳಬೇಕು ಎಂದು ಕೇಳಬಹುದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ನಡುವೆ ಇರುವ ತೆಳುವಾದ ಚರ್ಮದಿಂದ ಹೀರಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಅದನ್ನು ಒತ್ತಿ ಕೂತರೆ ಆಯಿತು. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ನೀರಿಗೆ ದಾರಿ ಬಿಡುವ ಚರ್ಮ ನೀರಿನಲ್ಲಿರುವುದಕ್ಕೂ ದಾರಿ ಬಿಡುತ್ತದೆ. ಎಳೆತನ ನೀರಿನಲ್ಲಿ, ಪ್ರಾಯ ನೆಲದಲ್ಲಿ, ಊಟ ಕೀಟಗಳು. ಹೊಲದ ಔಷಧಿ ತಲುಪಬಹುದಾದ ದಾರಿಗಳೆಲ್ಲ ಈ ಪುಟ್ಟ ಮೈಯಲ್ಲಿ ಸೇರುತ್ತವೆ.

ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿದ ಅಂಗಾಂಶವನ್ನು ನೀರು ಹೀರುವ ಸೋಡಿಯಂ ಸಲ್ಫೇಟ್ ಜತೆ ಅರೆದು ಒಣ ಪುಡಿ ಮಾಡುತ್ತಾರೆ. ಅದರಿಂದ ವಿಷ ಸೆಳೆಯಲು ಹಳೆಯ ಸಾಧನವೆಂದರೆ ಸಾಕ್ಸ್‌ಲೆಟ್. ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಅದನ್ನು ರೂಪಿಸಿದ್ದು ಹಾಲಿನ ಕೊಬ್ಬನ್ನು ಅಳೆಯಲು. ಕೊಬ್ಬು ತೆಗೆಯಲೆಂದೇ ಹುಟ್ಟಿದ ಗಾಜಿನ ಬುರುಡೆ ಮುಂದೆ ಕೀಟನಾಶಕ ತೆಗೆಯುವ ಕೆಲಸಕ್ಕೆ ನಿಂತಿತು, ಕೊಬ್ಬು ಇಲ್ಲಿ ಬೇಡವಾದ ವಸ್ತುವಾಯಿತು. ಈಗ ಸಾಮಾನ್ಯವಾಗಿ ಬಳಸುವುದು ಒತ್ತಡದ ವಿಧಾನ: ಉಕ್ಕಿನ ಕೋಶದಲ್ಲಿ ಪುಡಿ ತುಂಬಿ, ಡೈಕ್ಲೋರೊಮೀಥೇನ್‌ನಂಥ ದ್ರಾವಕವನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ವಾತಾವರಣದ ಸುಮಾರು ನೂರು ಪಟ್ಟು ಒತ್ತಡದಲ್ಲಿ ಹಾಯಿಸುತ್ತಾರೆ. 40 ಡಿಗ್ರಿಗೇ ಕುದಿಯುವ ಈ ದ್ರಾವಕ ಒತ್ತಡದ ದೆಸೆಯಿಂದ ದ್ರವವಾಗಿಯೇ ಉಳಿದು ಅಂಗಾಂಶದ ಮೂಲೆಮೂಲೆಗೂ ನುಗ್ಗುತ್ತದೆ. ಸಾಕ್ಸ್‌ಲೆಟ್‌ನಲ್ಲಿ ಇಡೀ ರಾತ್ರಿ ಹಿಡಿಯುತ್ತಿದ್ದ ಕೆಲಸ ಹೀಗೆ ನಿಮಿಷಗಳಲ್ಲಿ ಮುಗಿಯುತ್ತದೆ.

ಇನ್ನೊಂದು ದಾರಿ 2003ರಲ್ಲಿ ಮಿಕೆಲಾಂಜೆಲೊ ಅನಸ್ಟಾಸಿಯಾಡಿಸ್, ಸ್ಟೀವನ್ ಲೆಹೊಟೆ ಮತ್ತು ಸಂಗಡಿಗರು ಪ್ರಕಟಿಸಿದ ‘ಕ್ವೆಚರ್ಸ್’. ಅಸಿಟೊನೈಟ್ರೈಲ್ ಹಾಕಿ ಕುಲುಕು, ಮೆಗ್ನೀಸಿಯಂ ಸಲ್ಫೇಟ್ ಮತ್ತು ಅಡುಗೆ ಉಪ್ಪು ಸುರಿ, ಮತ್ತೆ ಕುಲುಕು, ಗಿರಗಿರ ತಿರುಗಿಸು, ಮೇಲಿನ ಪದರ ತೆಗೆದುಕೋ. ಹಣ್ಣು ತರಕಾರಿಗಾಗಿ ಹುಟ್ಟಿದ ಈ ವಿಧಾನ ಅಗ್ಗ, ಕ್ಷಿಪ್ರ. ದುಬಾರಿ ಉಪಕರಣಕ್ಕೆ ಹಣವಿಲ್ಲದ ಪ್ರಯೋಗಾಲಯಗಳ ಪಾಲಿಗೆ ನಿಜಕ್ಕೂ ವರ. ಆದರೆ ಟೊಮೆಟೊದಲ್ಲಿ ಕೊಬ್ಬಿಲ್ಲ, ಕಪ್ಪೆಯಲ್ಲಿದೆ. ಕೊಬ್ಬನ್ನು ಬಿಡಲೊಲ್ಲದ ಡಿಡಿಇಯಂಥ ವಸ್ತು ಅಸಿಟೊನೈಟ್ರೈಲ್‌ಗೆ ಪೂರ್ತಿ ಬರದೆ ಹಿಂದೆ ಉಳಿಯುವುದುಂಟು.

ಈಗ ಕೊಬ್ಬಿನ ಸರದಿ. ಹೊರತೆಗೆದ ಹಳದಿ ದ್ರವವನ್ನು ಹಾಗೇ ಯಂತ್ರಕ್ಕೆ ಚುಚ್ಚಿದರೆ ಕೊಬ್ಬು ಯಂತ್ರದ ಬಾಯಿಯಲ್ಲೇ ಸುಟ್ಟು ಕರಿಯಾಗಿ ಕೂರುತ್ತದೆ. ಮುಂದಿನ ಮಾದರಿಗಳೆಲ್ಲ ಅಲ್ಲಿ ಎಡವುತ್ತವೆ. ಇದಕ್ಕೆ ಇರುವ ಉಪಾಯ ನನಗೆ ತುಂಬ ಇಷ್ಟ, ಯಾಕೆಂದರೆ ಅದು ನಮ್ಮ ಊಹೆಗೆ ವಿರುದ್ಧವಾಗಿ ನಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಮಣಿಗಳನ್ನು ತುಂಬಿದ ಕೊಳವೆಯೊಳಗೆ ದ್ರವವನ್ನು ಹಾಯಿಸುತ್ತಾರೆ. ಸಣ್ಣ ಅಣುಗಳು ಬೇಗ ನುಸುಳಿ ಹೋಗುತ್ತವೆ, ದೊಡ್ಡವು ಸಿಕ್ಕಿಬೀಳುತ್ತವೆ ಎಂದುಕೊಂಡರೆ ತಪ್ಪು. ಕೊಬ್ಬಿನ ದೊಡ್ಡ ಅಣುವಿನ ತೂಕ 880ರ ಆಸುಪಾಸು. ಅದು ಯಾವ ರಂಧ್ರಕ್ಕೂ ಹಿಡಿಸದೆ ಮಣಿಗಳ ಸಂದಿನಲ್ಲೇ ಸರಸರ ಹರಿದು ಮೊದಲು ಹೊರಬೀಳುತ್ತದೆ. ಸಿಮಜಿನ್ 202, ಟೆಬುಕೊನಜೋಲ್ 308, ಡಿಡಿಇ 318, ಪೈರಾಕ್ಲೋಸ್ಟ್ರೋಬಿನ್ 388, ಇವು ಸಣ್ಣವು. ಸಿಕ್ಕ ಸಿಕ್ಕ ರಂಧ್ರಕ್ಕೆಲ್ಲ ಇಣುಕಿ, ಸುತ್ತಾಡಿ, ತಡವಾಗಿ ಬರುತ್ತವೆ. ಮೊದಲು ಬಂದದ್ದನ್ನು ಚೆಲ್ಲಿ, ಆಮೇಲೆ ಬಂದದ್ದನ್ನು ಹಿಡಿದಿಟ್ಟುಕೊಂಡರೆ ಕೊಬ್ಬಿನ ಬಹುಪಾಲು ಹೋಯಿತು. ಉಳಿದ ಜಿಡ್ಡನ್ನು ಫ್ಲೋರಿಸಿಲ್ ಎಂಬ ಬಿಳಿ ಪುಡಿಯ ಕಂಬ ಹಿಡಿಯುತ್ತದೆ. ಎಲ್ಲಿ ಚೆಲ್ಲುವುದನ್ನು ನಿಲ್ಲಿಸಬೇಕು, ಎಲ್ಲಿಂದ ಹಿಡಿಯಲು ಶುರುಮಾಡಬೇಕು? ಒಂದು ನಿಮಿಷ ಮುಂಚಿತವಾದರೆ ಕೊಬ್ಬು ಬರುತ್ತದೆ, ತಡವಾದರೆ ವಿಷದ ಒಂದು ಪಾಲು ಕಳೆಯುತ್ತದೆ. ವರದಿಯ ಅಂಕಿಯೊಳಗೆ ಇಂಥ ತೀರ್ಮಾನಗಳು ಅಡಗಿ ಕೂತಿರುತ್ತವೆ.

ಕಳೆದುಹೋದದ್ದು ಎಷ್ಟು ಎಂದು ತಿಳಿಯಲು ಒಂದು ಜಾಣತನದ ದಾರಿಯಿದೆ. ದ್ರಾವಕ ಹಾಯಿಸುವ ಮುನ್ನವೇ ಕಪ್ಪೆಯ ಪುಡಿಗೆ ಗೊತ್ತಿರುವಷ್ಟು ಡಿಡಿಇಯನ್ನು ಬೆರೆಸುತ್ತಾರೆ. ಆದರೆ ಸಾಧಾರಣ ಡಿಡಿಇಯಲ್ಲ, ಅದರ ಉಂಗುರಗಳ ಹನ್ನೆರಡು ಇಂಗಾಲ ಪರಮಾಣುಗಳೂ ತುಸು ಭಾರದ ಕಾರ್ಬನ್-13 ಆಗಿರುವ ವಿಶೇಷ ಡಿಡಿಇ. ರಾಸಾಯನಿಕವಾಗಿ ಎರಡೂ ಒಂದೇ, ಸೋಸುವಾಗ ಒಂದು ಕಳೆದಷ್ಟೇ ಇನ್ನೊಂದೂ ಕಳೆಯುತ್ತದೆ. ತೂಕ ನೋಡುವ ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಬೆರೆಸಿದ್ದರಲ್ಲಿ ಶೇಕಡ 80 ಮರಳಿ ಸಿಕ್ಕರೆ ಕಪ್ಪೆಯದ್ದೂ ಅಷ್ಟೇ ಸಿಕ್ಕಿದೆ ಎಂದು ತಿಳಿದು ಲೆಕ್ಕ ಸರಿಪಡಿಸಬಹುದು. ಆಹಾರದ ಕೀಟನಾಶಕ ಪರೀಕ್ಷೆಯಲ್ಲಿ 70ರಿಂದ 120ರ ನಡುವಿನ ಮರುಗಳಿಕೆಯನ್ನು ಒಪ್ಪುವ ರೂಢಿ ಇದೆ. ಶೇಕಡ 120 ಎಂದರೆ ಹಾಕಿದ್ದಕ್ಕಿಂತ ಹೆಚ್ಚು ಸಿಕ್ಕಿದೆ ಎಂದರ್ಥ! ಇದರ ಜತೆಗೆ ಕಪ್ಪೆಯೇ ಇಲ್ಲದ ಖಾಲಿ ಮಾದರಿಯನ್ನೂ ಅದೇ ಪಾತ್ರೆ, ಅದೇ ದ್ರಾವಕದಲ್ಲಿ ಕೊನೆಯವರೆಗೆ ಸಾಗಿಸುತ್ತಾರೆ. ಅದರಲ್ಲೂ ವಿಷ ಕಂಡರೆ ಕಳಂಕ ಇರುವುದು ಪ್ರಯೋಗಾಲಯದಲ್ಲಿ.

ಗುರುತು ಹಿಡಿಯುವ ಯಂತ್ರಗಳ ಕತೆ ಜೇಮ್ಸ್ ಲವ್‌ಲಾಕ್ ಅವರಿಂದ ಶುರುವಾಗುತ್ತದೆ. ಭೂಮಿಯನ್ನೇ ಒಂದು ಜೀವಿಯಂತೆ ನೋಡಿದ ಗಾಯಾ ಚಿಂತನೆಯಿಂದ ಹೆಸರಾದ ಅವರು ಅದಕ್ಕೂ ಮುನ್ನ, 1957ರಲ್ಲಿ, ಎಲೆಕ್ಟ್ರಾನ್ ಸೆರೆಹಿಡಿಯುವ ಶೋಧಕವನ್ನು ಕಟ್ಟಿದ್ದರು. ಕ್ಲೋರಿನ್ ಇರುವ ಅಣುಗಳು ಎಲೆಕ್ಟ್ರಾನ್‌ಗಳನ್ನು ಕಬಳಿಸುತ್ತವೆ, ಆಗ ವಿದ್ಯುತ್ ಪ್ರವಾಹ ಕುಗ್ಗುತ್ತದೆ. ಅಂಗೈ ಮೇಲೆ ಹಿಡಿಸುವ ಆ ಸಾಧನದಿಂದಾಗಿ, ಸಿಂಪಡಿಸಿದ ಹೊಲಗಳಿಂದ ಬಲುದೂರದ ಜೀವಿಗಳ ಮೈಯಲ್ಲೂ ಡಿಡಿಟಿ ಗುಂಪಿನ ವಿಷಗಳು ಕಾಣತೊಡಗಿದವು. ಅದರ ಕೊರತೆ ಒಂದೇ: ಕ್ಲೋರಿನ್ ಇದೆ ಎನ್ನುತ್ತದೆ, ಯಾರು ಎಂದು ಖಚಿತವಾಗಿ ಹೇಳುವುದಿಲ್ಲ.

ಆ ಖಚಿತತೆ ಕೊಡುವುದು ಮಾಸ್ ಸ್ಪೆಕ್ಟ್ರೋಮೀಟರ್. ಮೊದಲು ಗ್ಯಾಸ್ ಕ್ರೊಮಟೊಗ್ರಾಫ್‌ನ ಕೂದಲಷ್ಟು ತೆಳುವಾದ, ಹತ್ತಾರು ಮೀಟರ್ ಉದ್ದದ ನಳಿಕೆಯಲ್ಲಿ ಅಣುಗಳು ಒಂದೊಂದಾಗಿ ಬೇರ್ಪಟ್ಟು ಬರುತ್ತವೆ. ನಂತರ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳ ಹೊಡೆತ. ಡಿಡಿಇ ಆ ಹೊಡೆತಕ್ಕೆ ಎರಡು ಕ್ಲೋರಿನ್ ಕಳೆದುಕೊಂಡು 246 ತೂಕದ ಚೂರಾಗುತ್ತದೆ. ಒಡೆಯದೆ ಉಳಿದವು 316, 318, 320 ಎಂದು ಎರಡೆರಡರ ಅಂತರದಲ್ಲಿ ನಿಲ್ಲುತ್ತವೆ. ಕಾರಣ, ನಿಸರ್ಗದಲ್ಲಿ ಕ್ಲೋರಿನ್ 35 ಮತ್ತು 37 ಎಂಬ ಎರಡು ತೂಕಗಳಲ್ಲಿ, ಸುಮಾರು ಮೂರಕ್ಕೊಂದರ ಪ್ರಮಾಣದಲ್ಲಿ ಸಿಗುತ್ತದೆ. ಡಿಡಿಇಯಲ್ಲಿ ನಾಲ್ಕು ಕ್ಲೋರಿನ್ ಇರುವುದರಿಂದ ಇವುಗಳಲ್ಲಿ 318ರ ಗೀಟೇ ಎತ್ತರ. ಸರಿಯಾದ ಹೊತ್ತಿಗೆ ಬರಬೇಕು, ಸರಿಯಾದ ಚೂರುಗಳಾಗಬೇಕು, ಚೂರುಗಳ ಪರಸ್ಪರ ಎತ್ತರವೂ ತಾಳೆಯಾಗಬೇಕು. ಮೂರೂ ಹೊಂದಿದರೆ ಮಾತ್ರ ಡಿಡಿಇ ಎಂದು ಬರೆಯುತ್ತಾರೆ.

ಪಾದರಸ, ಸೀಸ, ಕ್ಯಾಡ್ಮಿಯಂಗಳ ದಾರಿ ಬೇರೆ, ಹೆಚ್ಚು ನೇರ: ನೈಟ್ರಿಕ್ ಆಮ್ಲದಲ್ಲಿ ಅಂಗಾಂಶವನ್ನು ಪೂರ್ತಿ ಕರಗಿಸಿ ಪ್ಲಾಸ್ಮಾ ಜ್ವಾಲೆಗೆ ಊದುತ್ತಾರೆ. ಲೋಹ ಧಾತುವಾದ್ದರಿಂದ ಅದನ್ನು ನಾಶಮಾಡುವ ಭಯವಿಲ್ಲ. ಅಳತೆ ಸರಿಯಿದೆಯೇ ಎಂದು ನೋಡಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮಾರುವ, ಪ್ರಮಾಣ ಮೊದಲೇ ಗೊತ್ತಿರುವ ಶಾರ್ಕ್ ಜಾತಿಯ ಮೀನಿನ ಯಕೃತ್ತಿನ ಪುಡಿಯನ್ನು ಬಳಸುವುದಿದೆ. ಕಪ್ಪೆಗೆ ಮೀನೇ ಸಾಕ್ಷಿ.

ಇಷ್ಟೆಲ್ಲ ಆದ ಮೇಲೂ ಅಂಕಿ ಎಷ್ಟು ಗಟ್ಟಿ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಲಿಯಂ ಹಾರ್ವಿಟ್ಜ್ 1980ರಲ್ಲಿ, ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳು ಅಳೆದಾಗ ಬಂದ ಉತ್ತರಗಳ ರಾಶಿಯನ್ನು ಜೋಡಿಸಿ ನೋಡಿದರು. ಹತ್ತು ಲಕ್ಷದಲ್ಲಿ ಒಂದು ಪಾಲು ಇರುವಾಗ ಪ್ರಯೋಗಾಲಯಗಳ ಉತ್ತರಗಳ ಚದುರುವಿಕೆ ಶೇಕಡ 16ರಷ್ಟು. ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿದರೆ ಶೇಕಡ 45. ಯಾವ ವಸ್ತು, ಯಾವ ಯಂತ್ರ ಎಂಬುದಕ್ಕಿಂತ ಎಷ್ಟು ಕಡಿಮೆ ಎಂಬುದೇ ಇದನ್ನು ನಿರ್ಧರಿಸುತ್ತದೆ ಎಂದು ಅವರು ಕಂಡರು. ಒಂದು ಕಪ್ಪೆಯಲ್ಲಿ 1 ಪಿಪಿಬಿ, ಇನ್ನೊಂದರಲ್ಲಿ 1.4 ಎಂದು ಎರಡು ಪ್ರಯೋಗಾಲಯಗಳು ಹೇಳಿದರೆ ಎರಡನೆಯದು ಹೆಚ್ಚು ಕಲುಷಿತ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಅದಕ್ಕೂ ಕೆಳಗೆ ಇಳಿದರೆ ಯಂತ್ರದ ಗೊಜಗೊಜ ಸದ್ದಿನಲ್ಲಿ ಸಂಕೇತ ಮುಳುಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪರಿಚಿತ ವಿಧಾನದಲ್ಲಿ ಅತಿ ಕಡಿಮೆ ಪ್ರಮಾಣದ ಏಳು ಮಾದರಿಗಳನ್ನು ಮೊದಲಿನಿಂದ ಕೊನೆಯವರೆಗೆ ಅಳೆದು, ಉತ್ತರಗಳ ಚದುರುವಿಕೆಯನ್ನು 3.14ರಿಂದ ಗುಣಿಸುತ್ತಾರೆ. ಅದೇ ಪತ್ತೆಯ ಮಿತಿ. ಅದಕ್ಕಿಂತ ಕೆಳಗಿನದಕ್ಕೆ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬೀಳುತ್ತದೆ. ಪತ್ರಿಕೆಗೆ, ಸಭೆಗೆ, ಕೋರ್ಟಿಗೆ ಹೋಗುವಷ್ಟರಲ್ಲಿ ಅದು ‘ಇಲ್ಲ’ ಆಗಿಬಿಡುತ್ತದೆ. ಕಪ್ಪೆ ಹಗುರವಾದಷ್ಟೂ ಈ ಮಿತಿ ಮೇಲೇರುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಇನ್ನು ಹುಡುಕದೇ ಇದ್ದದ್ದು? ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಳೆನಾಶಕಗಳಲ್ಲೊಂದಾದ ಗ್ಲೈಫೊಸೇಟ್ ನೀರನ್ನು ಬಿಟ್ಟು ಡೈಕ್ಲೋರೊಮೀಥೇನ್‌ಗೆ ಬರುವುದೇ ಇಲ್ಲ, ಆವಿಯಾಗಿ ಗ್ಯಾಸ್ ಕ್ರೊಮಟೊಗ್ರಾಫ್ ಹತ್ತುವುದೂ ಇಲ್ಲ. ತೊಂಬತ್ತು ವಿಷಗಳನ್ನು ಒಟ್ಟಿಗೆ ಹಿಡಿಯುವ ಬಲೆಗೂ ಅದು ಬೀಳದು. ಅದಕ್ಕೆ ಪ್ರತ್ಯೇಕ ವಿಧಾನ ಬೇಕು.

ಕ್ಲೋರ್‌ಪೈರಿಫಾಸ್, ಡಯಜಿನಾನ್‌ನಂಥ ರಂಜಕದ ಕೀಟನಾಶಕಗಳಂತೂ ಮೈಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಹೋಗುವಾಗ ಮಾತ್ರ ನರಗಳ ಸಂದೇಶಕ್ಕೆ ಬೇಕಾದ ಕೊಲಿನೆಸ್ಟರೇಸ್ ಕಿಣ್ವವನ್ನು ಜಖಂ ಮಾಡಿ ಹೋಗುತ್ತವೆ. ಹಾಗಾದರೆ ವಿಷದ ಬದಲು ಗಾಯವನ್ನೇ ಅಳೆಯೋಣ ಎಂಬ ಯೋಚನೆ. ಜಾರ್ಜ್ ಎಲ್‌ಮನ್ 1961ರಲ್ಲಿ ಕೊಟ್ಟ ವಿಧಾನದಲ್ಲಿ ಕಿಣ್ವ ಚುರುಕಾಗಿದ್ದರೆ ದ್ರಾವಣ ಬೇಗ ಹಳದಿಯಾಗುತ್ತದೆ, 412 ನ್ಯಾನೊಮೀಟರ್ ಬೆಳಕಿನಲ್ಲಿ ಅದನ್ನು ಓದುತ್ತಾರೆ. ಡೊನಾಲ್ಡ್ ಸ್ಪಾರ್ಲಿಂಗ್, ಗ್ಯಾರಿ ಫೆಲ್ಲರ್ಸ್ ಮತ್ತು ಲಾರಾ ಮೆಕಾನೆಲ್ 2001ರಲ್ಲಿ ಕ್ಯಾಲಿಫೋರ್ನಿಯಾದ ಗೊದಮೊಟ್ಟೆಗಳಲ್ಲಿ ಇದನ್ನು ಮಾಡಿ, ಬಯಲಿನ ಪೂರ್ವಕ್ಕಿರುವ ಪರ್ವತದವುಗಳಲ್ಲಿ ಕಿಣ್ವ ಸಮುದ್ರತೀರದವುಗಳಿಗಿಂತ ಮಂಕಾಗಿದೆ ಎಂದು ತೋರಿಸಿದರು. ಕೆಲವು ನೆಲೆಗಳಲ್ಲಿ ಶೇಕಡ 86ರಷ್ಟು ಜೀವಿಗಳಲ್ಲಿ ಎಂಡೋಸಲ್ಫಾನ್ ಕೂಡ ಸಿಕ್ಕಿತು. 2004ರಲ್ಲಿ ಕಾರ್ಲೊಸ್ ಡೇವಿಡ್‌ಸನ್, ಕಪ್ಪೆಗಳು ಕ್ಷೀಣಿಸಿದ ಜಾಗಗಳಿಗೂ ಗಾಳಿ ಬರುವ ದಿಕ್ಕಿನ ಕೀಟನಾಶಕ ಬಳಕೆಗೂ ತಾಳೆ ಹಾಕಿದರು. ಚಿತ್ರ ಪೂರ್ಣವಾದಂತೆ ಕಂಡಿತು.

ಆಗಿರಲಿಲ್ಲ. ಡೇವಿಡ್ ಬ್ರಾಡ್‌ಫೋರ್ಡ್ ಮತ್ತು ಸಂಗಡಿಗರು ದಕ್ಷಿಣ ಸಿಯೆರಾದ 28 ತಾಣಗಳಲ್ಲಿ ಗಾಳಿ, ಕೆಸರು, ಗೊದಮೊಟ್ಟೆ ಮೂರರಲ್ಲೂ 46 ರಾಸಾಯನಿಕಗಳನ್ನು ಎರಡೆರಡು ಬಾರಿ ಅಳೆದರು. 2011ರಲ್ಲಿ ಪ್ರಕಟವಾದ ಉತ್ತರ: ವಿಷ ಹೆಚ್ಚಿದ್ದಲ್ಲಿ ಕಪ್ಪೆ ಕಡಿಮೆ ಎಂಬ ನಂಟು ಕಾಣಲಿಲ್ಲ. ಆ ಬೆಟ್ಟಗಳ ಕಪ್ಪೆಗಳ ಮೇಲೆ ಕೈಟ್ರಿಡ್ ಶಿಲೀಂಧ್ರದ ರೋಗ ಎರಗಿದೆ. ಮೀನು ಹಿಡಿಯುವವರ ಮೋಜಿಗೆಂದು ಕೆರೆಗಳಿಗೆ ಬಿಟ್ಟ ಟ್ರೌಟ್ ಮೀನುಗಳು ಗೊದಮೊಟ್ಟೆಗಳನ್ನು ತಿಂದಿವೆ. ಮೈಯಲ್ಲಿ ವಿಷ ಇದೆ ಎಂಬುದು ಒಂದು ಮಾತು, ಅದರಿಂದಲೇ ಸತ್ತಿತು ಎಂಬುದು ಇನ್ನೊಂದು. ಬ್ರಾಡ್‌ಫೋರ್ಡರ ಅಧ್ಯಯನವನ್ನು ಕೀಟನಾಶಕ ಕಂಪನಿಗಳಿಗೆ ಸಿಕ್ಕ ಶುದ್ಧಪತ್ರವೆಂದು ಓದುವುದೂ ಅಷ್ಟೇ ಅವಸರದ ಓದು. ಅದು ಕೇಳಿದ ಪ್ರಶ್ನೆ ಒಂದೇ, ಅದಕ್ಕೆ ಅದು ನಿಷ್ಠೆಯಿಂದ ಉತ್ತರಿಸಿದೆ.

ಎಂಡೋಸಲ್ಫಾನ್ ಹೆಸರು ಬಂದ ಮೇಲೆ ನಮ್ಮ ಕಡೆಗೆ ನೋಡದೆ ಇರಲಾಗದು. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಸುತ್ತಲೂ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದದ್ದು ಇದನ್ನೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಘಟ್ಟದ ಕಪ್ಪೆಗಳನ್ನು ಗದ್ದೆ ತೋಟಗಳ ನಡುವೆ ನೋಡಿದವರು ನಮ್ಮಲ್ಲೂ ಇದ್ದಾರೆ. ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯ ಪಶ್ಚಿಮ ಘಟ್ಟದ ಕೃಷಿನೆಲಗಳ ಕಪ್ಪೆಗಳಲ್ಲಿ ಅಂಗವಿಕಾರಗಳನ್ನು ದಾಖಲಿಸಿದ್ದಾರೆ.

ಕೊಕ್ಕಡದ ಕಪ್ಪೆಯನ್ನು ಇವತ್ತು ಯಾರಾದರೂ ಅಳೆಯಹೊರಟರೆ ಕಾಡಬೇಕಾದ ಪ್ರಶ್ನೆಗಳು ಮೇಲಿನವೇ. ಡಬ್ಬದಲ್ಲಿ ಇದ್ದದ್ದು ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು, ಸುಮಾರು ಏಳಕ್ಕೆ ಮೂರರಂತೆ. ಮಣ್ಣಿನಲ್ಲಿ, ಜೀವಿಗಳ ಮೈಯಲ್ಲಿ ಅವು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತವೆ. ಅದು ಅಷ್ಟೇ ವಿಷಕಾರಿ, ಹೆಚ್ಚು ಕಾಲ ಬಾಳುತ್ತದೆ. ಮೊದಲಿನ ಎರಡನ್ನೇ ಹುಡುಕಿದರೆ ವರದಿ ಸ್ವಚ್ಛವಾಗಿ ಬರಬಹುದು. ಇಡೀ ಕಪ್ಪೆಯನ್ನು ಅರೆಯಬೇಕೋ, ಕೊಬ್ಬನ್ನಷ್ಟೇ ತೆಗೆದುಕೊಳ್ಳಬೇಕೋ ಎಂಬುದು ಆಮೇಲಿನದು. ಕಪ್ಪೆಯ ಹೊಟ್ಟೆಯೊಳಗೆ ಹಳದಿ ಬಣ್ಣದ, ಬೆರಳು ಬೆರಳಾದ ಕೊಬ್ಬಿನ ಕಾಯಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ಬಳಗ ದಶಕಗಳ ಹಿಂದೆಯೇ ಅವುಗಳಿಗೂ ಅಂಡಾಶಯಕ್ಕೂ ಇರುವ ನಂಟನ್ನು ಅಭ್ಯಾಸ ಮಾಡಿತ್ತು. ಮೊಟ್ಟೆ ಬಲಿಯುವ ಕಾಲಕ್ಕೆ ಈ ಕೊಬ್ಬು ಕರಗುತ್ತದೆ. ಕೊಬ್ಬು ಕರಗಿದಾಗ ಅದರಲ್ಲಿ ಅಡಗಿದ ವಿಷವೂ ರಕ್ತಕ್ಕೆ ಇಳಿಯುತ್ತದೆ, ಒಂದು ಪಾಲು ಮೊಟ್ಟೆಗೆ ಸೇರುತ್ತದೆ. ಚಳಿಗಾಲದಲ್ಲಿ ಹಿಡಿದ ಹೆಣ್ಣು ಕಪ್ಪೆಗೂ ಮುಂಗಾರಿನಲ್ಲಿ ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣಿಗೂ ಒಂದೇ ಕೆರೆಯಲ್ಲಿ ಎರಡು ಅಂಕಿ ಬರುತ್ತವೆ. ಹಾಗಾಗಿ ಮಾದರಿಯ ಸೀಸೆಯ ಮೇಲೆ ಊರಿನ ಹೆಸರಿನ ಜತೆಗೆ ತಿಂಗಳು, ಲಿಂಗ, ಕೊಬ್ಬಿನ ಕಾಯದ ತೂಕ ಇಷ್ಟನ್ನಾದರೂ ಬರೆದಿರಬೇಕು.